ಹತ್ತರ ಫ್ಯೂಸಿನ ಜಾಗಾಕ್ಕ ಮೂವತ್ತರದು ಯಾಕ ಹಾಕ್ತೀರಿ?

ಅಕ್ಕಾರ, ವೈನಿ, ತಂಗೆಂದ್ರ, ಈ ಸಲ ಉಪ್ಪಿನಕಾಯಿ ಮಾತಲ್ಲ, ಗಾಡಿ ಫ್ಯೂಸಿನ ಮಾತು ಬರೀತೀನಿ. ನಗೂದಿದ್ರ ಈಗ ನಕ್ಕಬಿಡ್ರಿ, ಆಮ್ಯಾಲೆ ಪೂರ್ತಿ ಓದ್ರಿ. ಯಾಕಂದ್ರ ನಿಮ್ಮನಿ ಮುಂದ ನಿಂತ ಪಿಕಪ್ಪಿನ್ಯಾಗ, ಇಲ್ಲಾ ಟ್ರ್ಯಾಕ್ಟರಿನ್ಯಾಗ, ಇಲ್ಲಾ ಪಡಸಾಲಿ ಗ್ವಾಡಿಗೆ ಬಡದ ಮೀಟರ್ ಬೋರ್ಡಿನ್ಯಾಗ ಇದ ತಪ್ಪು ಇವತ್ತಿಗೂ ಕುಂತಿರಬಹುದು.

ನನ್ನ ಮಾತು ಇಷ್ಟ ಐತಿ. ಗಾಡಿದು ಒಂದ ಫ್ಯೂಸ್ ಮತ್ತ ಮತ್ತ ಸುಡಾಕ ಹತ್ತಿದ್ರ ತಪ್ಪು ಆ ಫ್ಯೂಸಿಂದಲ್ಲ. ಅದು ತನ್ನ ಕೆಲಸ ತಾ ಮಾಡಾಕ ಹತ್ತೈತಿ. ಅದನ್ನ ಸುಮ್ಮನ ಕೂಡಸಾಕ ದೊಡ್ಡ ನಂಬರಿನ ಫ್ಯೂಸ್ ಹಾಕೂದು, ತಾಮ್ರದ ಎಳಿ ಸುತ್ತೂದು, ಸಿಗರೇಟ್ ಪಾಕೀಟಿನ ಬೆಳ್ಳಿ ಹಾಳಿ ತುರುಕೂದು, ಇವಕ್ಕೆಲ್ಲಾ ರಿಪೇರಿ ಅನ್ನಬ್ಯಾಡ್ರಿ. ಮೆಕ್ಯಾನಿಕ್ ಮಾಡಿದ್ರೂ ತಪ್ಪ, ಡ್ರೈವರ್ ಮಾಡಿದ್ರೂ ತಪ್ಪ, ಮನಿ ಯಜಮಾನ್ರು ಮಾಡಿದ್ರೂ ತಪ್ಪ. "ಗಾಡಿ ಮಾತು ಗಂಡಸರದು, ನಮಗ್ಯಾಕ" ಅಂತ ನಾವು ಹೆಣ್ಮಕ್ಕಳು ಸೆರಗ ಝಾಡಿಸಿ ಒಳಗ ಹೋಗೂದೂ ತಪ್ಪ.

ಗಂಡಸರದು ಹೆಂಗ ಆಗ್ತೈತಿ ಹೇಳ್ರಿ? ನಮ್ಮನಿ ಪಿಕಪ್ ಹದಿನಾರ ವರ್ಷದ್ದು, ಸೆಕೆಂಡ್ ಹ್ಯಾಂಡ್ ತೊಗೊಂಡದ್ದು. ಕಾಗದದ ಮ್ಯಾಲೆ ನಮ್ಮನಿಯವರ ಹೆಸರು ಐತಿ, ಖರೆ. ಆದ್ರ ಅದರಾಗ ಹೋಗೂ ಮೆಣಸಿನಕಾಯಿ ಬಿಡಿಸಿದವರು ಯಾರು? ತೊಟ್ಟ ಮುರದು ಆರಿಸಿದವರು ಯಾರು? ಆಕಳಿಗೆ ಹಿಂಡಿ ತರೂದು ಅದರಾಗ, ಗ್ಯಾಸ್ ಸಿಲಿಂಡರ್ ತರೂದು ಅದರಾಗ, ಮದುವಿಗೆ ಭಾಂಡಿ ಸಾಗಸೂದು ಅದರಾಗ. ಹ್ವಾದ ವರ್ಷ ನಮ್ಮ ಓಣಿ ಹುಡುಗಿಗೆ ನಡುರಾತ್ರಿ ಬ್ಯಾನಿ ಶುರುವಾದಾಗ ಅಂಬ್ಯುಲೆನ್ಸ್ ದಾರಿ ಕಾಯಲಾರದ ಅಕಿನ್ನ ದವಾಖಾನಿಗೆ ಕರಕೊಂಡ ಹೋದದ್ದೂ ಅದರಾಗ. ಅಂದಮ್ಯಾಲೆ ಆ ಗಾಡಿಗೆ ಬೆಂಕಿ ಹತ್ತಿದ್ರ ಸುಡೂದು ನಮ್ಮ ಮಕ್ಕಳು, ನಮ್ಮ ಬೆಳಿ, ನಮ್ಮ ಓಣಿ ಹೆಣ್ಮಕ್ಕಳು. ಮಾತಾಡಾಕ ನಮಗ ಅಧಿಕಾರ ಐತಿ.

ಏನಾತಂದ್ರ, ಸಂಕ್ರಮಣ ಮುಗದು ಬ್ಯಾಡಗಿ ಪ್ಯಾಟಿಗೆ ಒಣ ಮೆಣಸಿನಕಾಯಿ ಸಾಗಸೂ ದಿನ ಬಂದುವು. ನಸಕಿನ್ಯಾಗ ಚೀಲ ಹೇರಿಕೊಂಡು ಹೋಗೂದು, ಟೆಂಡರ್ ಮುಗದು ರೊಕ್ಕ ಕೈಗೆ ಬಂದು ರಾತ್ರಿ ಖಾಲಿ ಗಾಡಿ ತಿರುಗಿ ಬರೂದು. ಆಗಿಂದ ಒಂದ ಕಾಟ ಶುರುವಾತು. ಹಿಂದಿನ ಕೆಂಪ ಲೈಟು, ನಂಬರ್ ಪ್ಲೇಟಿನ ಲೈಟು, ಮುಂದಿನ ಸಣ್ಣ ಲೈಟು, ಮೀಟರಿನ ಲೈಟು, ಎಲ್ಲಾ ಒಮ್ಮಿಗೇ ಹೋಗಾಕ ಹತ್ತಿದುವು. ಹೆಡ್‌ಲೈಟಿನ ಫ್ಯೂಸ್ ಬ್ಯಾರೆ, ಹಂಗಾಗಿ ಅದು ಉರೀತಿತ್ತು. ಮುಂದ ಬೆಳಕ ಐತಿ, ಹಿಂದ ಕಗ್ಗತ್ತಲು. ಹಿಂದ ಬರೂ ಲಾರಿಯವಗ ಮುಂದೊಂದು ಗಾಡಿ ಐತಿ ಅಂತ ತಿಳೀಬೇಕಾದ್ರ ಅವನ ಲೈಟಿನ ಬೆಳಕು ನಮ್ಮ ಗಾಡಿ ಬೆನ್ನಿಗೆ ಬಡೀಬೇಕು. ಕಬ್ಬಿನ ಸೀಸನ್ನಿನ್ಯಾಗ ಹಿಂದ ಲೈಟ್ ಇಲ್ಲದ ಟ್ರೇಲರಿಗೆ ಮೋಟರ್ ಸೈಕಲ್ ಹೋಗಿ ಬಡದ ಸುದ್ದಿ ನಾವು ಎಷ್ಟ ಕೇಳೀವಿ, ಎಷ್ಟ ಮನಿಗೆ ಮಾತಾಡಸಾಕ ಹೋಗೀವಿ. ಹಿಂದಿನ ಕೆಂಪ ಲೈಟು ಶೋಕಿಗೆ ಇಟ್ಟದ್ದಲ್ರಿ.

ಮೊದ್ಲನೇ ಮೆಕ್ಯಾನಿಕ್ ಸುಟ್ಟ ಕೆಂಪ ಫ್ಯೂಸ್ ಕಿತ್ತ, ಹೊಸಾ ಕೆಂಪ ಫ್ಯೂಸ್ ಹಾಕಿದ, ಹತ್ತ ರೂಪಾಯಿ ತೊಗೊಂಡ. ಎರಡ ದಿನಕ್ಕ ಅದೂ ಹೋತು. ಎರಡನೇದವ "ಲೋಡ್ ಜಾಸ್ತಿ ಆಗೈತ್ರಿ" ಅಂತ ಹಳದಿದು ಹಾಕಿದ. ಅದೂ ಹೋತು. ಮೂರನೇದವ ಹೈವೇ ಮ್ಯಾಲಿನ ಗ್ಯಾರೇಜಿನವ. ಅವ ಒಂದ ಹಸರ ಫ್ಯೂಸ್ ತಗದು, "ಅಕ್ಕಾರ, ಇದನ್ನ ಹಾಕಿಬಿಡ್ತೀನಿ, ಇನ್ನ ಜನ್ಮದಾಗ ಹೋಗಂಗಿಲ್ಲ ನೋಡ್ರಿ" ಅಂದ. ನಾ ಅಂದೆ, "ಫ್ಯೂಸ್ ಹೋಗಂಗಿಲ್ಲ ಖರೆ ತಮ್ಮಾ, ಅದರ ಬದ್ಲಿ ಮತ್ತೇನ ಹೋಗ್ತೈತಿ ಅದನ್ನ ಹೇಳು." ಅವ ನಮ್ಮನಿಯವರ ಮಾರಿ ನೋಡಿದ. ನಮ್ಮನಿಯವರು ಆಕಾಶ ನೋಡಿದ್ರು.

ಈ ಬಣ್ಣದ ಲೆಕ್ಕ ಮೊದ್ಲ ತಿಳಕೊಳ್ರಿ, ಐದ ನಿಮಿಷದ ಕೆಲಸ. ಎರಡ ಕಾಲಿನ ಚಪ್ಪಟಿ ಪ್ಲಾಸ್ಟಿಕ್ ಫ್ಯೂಸ್ ನೋಡೀರಲ್ಲ, ಅದರಾಗ ಕೆಂಪ ಅಂದ್ರ 10 ಆಂಪಿಯರ್, ನೀಲಿ ಅಂದ್ರ 15, ಹಳದಿ ಅಂದ್ರ 20, ಹಸರು ಅಂದ್ರ 30. ನೆತ್ತಿ ಮ್ಯಾಲೆ ನಂಬರೂ ಬರದಿರ್ತಾರ. ಭಾಳ ಹಳೇ ಗಾಡ್ಯಾಗ ಗಾಜಿನ ನಳಗಿ ಫ್ಯೂಸ್ ಇರ್ತಾವು, ಅವುಗಳ ಲೋಹದ ಟೊಪ್ಪಿಗಿ ಮ್ಯಾಲೆ ನಂಬರ್ ಕೊರದಿರ್ತೈತಿ. ಯಾವ ಜಾಗಾಕ್ಕ ಯಾವ ನಂಬರು ಅನ್ನೂದನ್ನ ಫ್ಯೂಸ್ ಡಬ್ಬಿ ಮುಚ್ಚಳದ ಮ್ಯಾಲೆ ಇಲ್ಲಾ ಗಾಡಿ ಪುಸ್ತಕದಾಗ ಅಚ್ಚ ಹಾಕಿರ್ತಾರ. ಅದು ಗಾಡಿ ಮಾಡಿದವರು ವೈರಿನ ದಪ್ಪ ನೋಡಿ ಇಟ್ಟ ಲೆಕ್ಕ. ಒಂದ ಮಾತ ಗಟ್ಟಿ ನೆನಪಿಡ್ರಿ: ಫ್ಯೂಸ್ ಇರೂದು ಬಲ್ಬ್ ಕಾಯಾಕ ಅಲ್ಲ, ವೈರ್ ಕಾಯಾಕ.

ನಿಮ್ಮ ಅಡಗಿಮನ್ಯಾಗ ಇದರ ಅಕ್ಕ ಐತಿ, ಕುಕ್ಕರಿನ ಸೇಫ್ಟಿ ವಾಲ್ವು. ಸೀಟಿ ತೂತಿನ್ಯಾಗ ಬ್ಯಾಳಿ ಸಿಕ್ಕೊಂಡು ಉಗಿ ಹೊರಗ ಬರದಂಗಾದ್ರ, ಆ ವಾಲ್ವಿನ ನಡಕಿನ ಮೆತ್ತನ ಲೋಹ ಕರಗಿ, ಉಗಿ ಹೊರಗ ಬಿಟ್ಟು, ನಿಮ್ಮ ಮಾರಿ ಉಳಸ್ತೈತಿ. ವಾಲ್ವ್ ಹೋದ ಮರುದಿನ ಏನ್ ಮಾಡ್ತೀರಿ? ಸೀಟಿ ತೂತ ಸ್ವಚ್ಛ ಮಾಡಿ, ಅದ ಅಳತಿದು ಹೊಸಾ ವಾಲ್ವ್ ತಂದ ಹಾಕ್ತೀರಿ. "ಇದು ಪದೇ ಪದೇ ಹೋಗ್ತೈತಿ, ಸಾಕಾತು" ಅಂತ ಆ ತೂತಿಗೆ ಕಬ್ಬಣದ ಮಳಿ ಬಡದು ಮುಚ್ಚಿ, ಮ್ಯಾಲೆ ನಿಂತ ಒಗ್ಗರಣಿ ಹಾಕ್ತೀರೇನ? ಕುಕ್ಕರಿಗೆ ಮಳಿ ಬಡದಾಕಿನ್ನ ಹುಚ್ಚಿ ಅಂತೀವಿ. ಗಾಡಿಗೆ ಹಸರ ಫ್ಯೂಸ್ ಹಾಕಿದವಗ "ಭಾರಿ ಹುಷಾರ್ ಮೆಕ್ಯಾನಿಕ್" ಅಂತೀವಿ. ಇದ್ಯಾವ ನ್ಯಾಯ?

ಈಗ "ಲೋಡ್ ಜಾಸ್ತಿ" ಅನ್ನೂ ಮಾತಿಗೆ ಬರೂನು. ನಾ 1988ರಾಗ ಪಿಯುಸಿ ಸೈನ್ಸ್ ಮುಗಿಸಿದಾಕಿ. ಮುಂದ ಓದಸಲಿಲ್ಲ, ಮದುವಿ ಮಾಡಿ ಕಳಿಸಿದ್ರು. ಆದ್ರ ಓದಿದ್ದನ್ನ ಯಾರೂ ತಿರುಗಿ ಕಸಗೊಳ್ಳಾಕ ಆಗಂಗಿಲ್ಲ. ಲೆಕ್ಕ ಮಾಡ್ರಿ. ಹಿಂದ ಎರಡು, ಮುಂದ ಎರಡು, ನಂಬರ್ ಪ್ಲೇಟಿಗೆ ಒಂದು, ಹಿಂಗ ಐದು ಬಲ್ಬು, ಒಂದೊಂದು 5 ವಾಟಿಂದು. ಮೀಟರಿನ ಸಣ್ಣ ಬಲ್ಬ್ ಸೇರಿಸಿ ಹೆಚ್ಚ ಕಮ್ಮಿ 30 ವಾಟ್ ಅನ್ರಿ. ಗಾಡಿ ಬ್ಯಾಟರಿ 12 ವೋಲ್ಟಿಂದು. ಮೂವತ್ತನ್ನ ಹನ್ನೆರಡರಿಂದ ಭಾಗಿಸಿದ್ರ ಎರಡೂವರಿ ಆಂಪಿಯರ್. ಹತ್ತರ ಫ್ಯೂಸಿನ್ಯಾಗ ಎರಡೂವರಿ ಹೊಂಟೈತಿ, ಅಂದ್ರ ನಾಕ ಮಂದಿ ಕೂಡೂ ಕಟ್ಟಿ ಮ್ಯಾಲೆ ಒಬ್ಬಾಕಿ ಕುಂತಂಗ. ಅಂಥಾ ಫ್ಯೂಸ್ ಸುಟ್ಟೈತಿ ಅಂದ್ರ ಎಲ್ಲೋ ಒಂದ ಕಡೆ ಕರೆಂಟು ಬಲ್ಬಿನ ದಾರಿ ಬಿಟ್ಟು ಅಡ್ಡದಾರಿ ಹಿಡದೈತಿ ಅಂತನ ಅರ್ಥ. ಇನ್ನ ಗಾಡಿಗೆ ಸೀರಿಯಲ್ ಲೈಟು, ಹಾಡಿನ ಡಬ್ಬಿ, ಎರಡನೇ ಹಾರ್ನು ಎಲ್ಲಾ ಇದ ವೈರಿಗೆ ಜೋತು ಬಿಟ್ಟಿದ್ರ ಲೋಡ್ ಖರೇನ ಜಾಸ್ತಿ ಆಗಿರಬಹುದು. ಆದ್ರ ಅದಕ್ಕೂ ಉತ್ತರ ಹಸರ ಫ್ಯೂಸ್ ಅಲ್ಲ. ಹೆಚ್ಚಿಗಿ ಹಾಕಿದ್ದಕ್ಕ ಬ್ಯಾಟರಿಯಿಂದ ಬ್ಯಾರೆ ವೈರು, ಅದಕ್ಕ ಅದರದ ಫ್ಯೂಸು.

ಅಡ್ಡದಾರಿ ಹೆಂಗ ಹಿಡೀತೈತಿ ಅಂದ್ರ, ಗಾಡ್ಯಾಗ ಮನ್ಯಾಗಿನಂಗ ಎರಡೆರಡ ವೈರ್ ಎಳದಿರಂಗಿಲ್ಲ. ಬ್ಯಾಟರಿದು ಮೈನಸ್ ತುದಿನ್ನ ಗಾಡಿ ಮೈಗೇ ಕಟ್ಟಿರ್ತಾರ. ಗಾಡಿದು ಇಡೀ ಕಬ್ಬಣದ ಮೈ ಒಂದ ವೈರು ಇದ್ದಂಗ. ಇನ್ನೊಂದು ತುದಿಯಿಂದ ಬಂದ ವೈರಿನ ಮ್ಯಾಲಿನ ರಬ್ಬರ್ ಸಿಪ್ಪಿ ಎಲ್ಲೇ ಒಂದ ಉಗುರಿನಷ್ಟು ಸವದು ತಾಮ್ರ ಆ ಮೈಗೆ ತಾಗಿದ್ರ, ಬ್ಯಾಟರಿ ತನ್ನ ಹೊಟ್ಟ್ಯಾಗ ಇದ್ದದ್ದೆಲ್ಲಾ ಒಮ್ಮಿಗೇ ಕಾರ್ತೈತಿ. ಗಾಡಿ ಸ್ಟಾರ್ಟ್ ಮಾಡೂಮುಂದ ನೂರಕ್ಕೂ ಹೆಚ್ಚ ಆಂಪಿಯರ್ ಕೊಡೂ ಬ್ಯಾಟರಿ ಅದು. ಅಷ್ಟನ್ನ ತೆಳ್ಳನ ಲೈಟಿನ ವೈರಿನ್ಯಾಗ ನೂಕಿದ್ರ? ಕರೆಂಟು ಎರಡ ಪಟ್ಟ ಆದ್ರ ವೈರಿನ ಶಾಖ ಎರಡ ಪಟ್ಟ ಅಲ್ಲ, ನಾಕ ಪಟ್ಟ. ಮೂರ ಪಟ್ಟ ಆದ್ರ ಒಂಬತ್ತ ಪಟ್ಟ. ಜೇಮ್ಸ್ ಜೂಲ್ ಅನ್ನಾವ 1841ರಾಗ ಬರದಿಟ್ಟ ಲೆಕ್ಕ ಇದು, ಹೈವೇ ಗ್ಯಾರೇಜಿನವ ಒಪ್ಪಲಿ ಬಿಡಲಿ. ಹತ್ತರ ಜಾಗಾಕ್ಕ ಮೂವತ್ತರದು ಹಾಕಿದ್ರ, ಫ್ಯೂಸ್ ಕರಗೂಕಿಂತ ಮೊದ್ಲ ಆ ವೈರು ಒಂಬತ್ತ ಪಟ್ಟ ಶಾಖ ತಡಕೊಂಡ ಕೂಡಬೇಕು. ತಡಕೊಳ್ಳಲಿಲ್ಲಂದ್ರ ವೈರ ಫ್ಯೂಸ್ ಆಗ್ತೈತಿ. ಆ ವೈರು ಹಾಯ್ದು ಹೋಗೂದು ಎಲ್ಲೆ? ಚಾಸಿ ಗುಂಟ, ಡೀಸಲ್ ಪೈಪಿನ ಮಗ್ಗಲಿಗೆ. ಮ್ಯಾಲೆ ಏನೈತಿ? ಒಣ ಮೆಣಸಿನಕಾಯಿ ಚೀಲ. ಒಳಗ ಯಾರ ಅದಾರ? ನನ್ನ ಮಗ. ಆ ಹಸರ ಫ್ಯೂಸ್ ನಾನ ಅವನ ಕೈಯಾಗಿಂದ ಇಸಗೊಂಡು, ಕೆಂಪನೇವು ನಾಕ ಕೊಡು ಅಂತ ಹೇಳಿ ಗಾಡಿ ಹತ್ತಿದೆ.

ಮನಿಗೆ ಬಂದಮ್ಯಾಲೆ ಮಾಡಿದ ಕೆಲಸ ಭಾಳ ಸಣ್ಣದು. ಹಾಲಿನ ಲೆಕ್ಕ ಬರಿಯೂ ಕ್ಯಾಲೆಂಡರ್ ಮ್ಯಾಲೆ ಫ್ಯೂಸಿನ ಲೆಕ್ಕಾನೂ ಬರಿಯಾಕ ಹತ್ತಿದೆ. ಎಂದ ಹೋತು, ಎಲ್ಲೆ ಹೋತು, ಗಾಡಿ ಹೇರಿತ್ತೋ ಖಾಲಿ ಇತ್ತೋ, ಆಗ ಏನ್ ಒತ್ತಿದ್ರಿ, ಮಳಿ ಇತ್ತೇನು. ಮಗ "ಯವ್ವಾ, ಇದೇನ ಪೊಲೀಸ್ ತನಿಖೆ ಹಚ್ಚಿದಿ" ಅಂತ ನಗತಿದ್ದ. ನಗಲಿ. ತಿಂಗಳೊಪ್ಪತ್ತಿನ್ಯಾಗ ಒಂಬತ್ತ ಸಲ ಹೋತು. ಒಂಬತ್ತರಾಗ ಎಂಟ ಸಲ ತಿರುಗಿ ಬರೂಮುಂದ. ಎಂಟೂ ಸಲ ಗಾಡಿ ಖಾಲಿ. ಎಂಟೂ ಸಲ ಹೈವೇ ಬಿಟ್ಟು ನಮ್ಮೂರ ಕೆಟ್ಟ ರಸ್ತೆಕ್ಕ ಬಂದಮ್ಯಾಲೆ. ಲೋಡ್ ಜಾಸ್ತಿ ಅಂದಿದ್ನಲ್ಲ ಎರಡನೇ ಮೆಕ್ಯಾನಿಕ್, ಗಾಡ್ಯಾಗ ಒಂದ ಚೀಲ ಇಲ್ಲದಾಗನ ಫ್ಯೂಸ್ ಹೋಗಾಕ ಹತ್ತಿತ್ತು! ಖಾಲಿ ಪಿಕಪ್ ಹೆಂಗ ಪುಟದಾಡ್ತೈತಿ ಅನ್ನೂದು ಹಿಂದ ಕುಂತ ಹೊಲಕ್ಕ ಹೋದ ನಮ್ಮ ಟೊಂಕಕ್ಕ ಗೊತ್ತೈತಿ. ಅಂದಮ್ಯಾಲೆ ಗಾಡಿ ಪುಟದಾಗ ಏನೋ ಒಂದು ಅಳಗ್ಯಾಡಿ, ಏನೋ ಒಂದಕ್ಕ ಬಡೀತೈತಿ.

ಈ ಬರಿಯೂ ಕೆಲಸಕ್ಕ ಇಂಜಿನಿಯರ್ ಬ್ಯಾಡ್ರಿ. ಸ್ವಿಚ್ ಹಾಕಿದ ಗಳಿಗ್ಯಾಗ ಫ್ಯೂಸ್ ಹೋದ್ರ ವೈರು ಗಾಡಿ ಮೈಗೆ ಪೂರ್ತಿ ತಾಗೇ ಕುಂತೈತಿ. ಬ್ರೇಕ್ ಒತ್ತಿದಾಗ ಹೋದ್ರ ಬ್ರೇಕ್ ಲೈಟಿನ ವೈರು ನೋಡಬೇಕು. ರಿವರ್ಸ್ ಹಾಕಿದಾಗ ಹೋದ್ರ ರಿವರ್ಸ್ ಲೈಟಿಂದು. ಮಳ್ಯಾಗ ಹೋದ್ರ ಹಿಂದಿನ ಲೈಟಿನ ಡಬ್ಬ್ಯಾಗ ನೀರು, ರಾಡಿ. ಹತ್ತ ಹದಿನೈದ ನಿಮಿಷ ನಡದಮ್ಯಾಲೆ ಹೋದ್ರ ವೈಪರ್ ಮೋಟರೋ, ಹೀಟರ್ ಫ್ಯಾನೋ ಬಿಗಿ ಆಗಿ ಹೆಚ್ಚ ಕರೆಂಟ್ ಎಳ್ಯಾಕ ಹತ್ತಿರ್ತೈತಿ. ಒಂದ ವಾರ ಗಾಡಿ ನಿಲ್ಲಿಸಿ ತಗದಾಗ ಹೋದ್ರ ಇಲಿ ವೈರ್ ಕಡದಾವೇನು ನೋಡ್ರಿ. ಹೊಸಾ ಬಲ್ಬ್ ಹಾಕಿದ ದಿನದಿಂದ ಶುರುವಾಗಿದ್ರ ಆ ಬಲ್ಬ್ ಆ ಹೋಲ್ಡರಿಂದು ಹೌದೋ ಅಲ್ಲೋ ನೋಡಸ್ರಿ. ಬಂಪ ಬಿದ್ದಾಗ ಹೋದ್ರ ನಮ್ಮ ಗಾಡಿ ಕಥಿ. ಮಗುವಿಗೆ ಹೊಟ್ಟಿ ನೋತಂದ್ರ "ಏನ್ ತಿಂದಿತ್ತು, ಯಾವಾಗಿಂದ ಅಳತೈತಿ" ಅಂತ ಕೇಳಾವರು ನಾವ ಅಲ್ಲೇನ? ಅದ ಬುದ್ಧಿ ಗಾಡಿಗೂ ಸಾಲ್ತೈತಿ.

ಕ್ಯಾಲೆಂಡರ್ ಹಾಳಿ ಹರಕೊಂಡು ನಾಕನೇ ಕಡೆ ಹೋದ್ವಿ, ಪ್ಯಾಟ್ಯಾಗ ಬರೇ ಗಾಡಿ ವೈರಿಂಗ್ ಕೆಲಸ ಮಾಡೂ ಒಬ್ಬ ಹಿರೇರ ಹತ್ರ. ಅವರು ಹಾಳಿ ಓದಿದ್ರು, ನಗಲಿಲ್ಲ. "ಇದನ್ನ ಬರದವರು ಅರ್ಧ ಕೆಲಸ ಮುಗಿಸ್ಯಾರ" ಅಂದ್ರು. ಆಮ್ಯಾಲೆ ಸುಟ್ಟ ಫ್ಯೂಸ್ ಕಿತ್ತು, ಆ ಜಾಗಾದ ಎರಡ ಕಾಲಿಗೆ ಒಂದು 21 ವಾಟಿನ ಬಲ್ಬಿನ ಎರಡ ವೈರ್ ಸಿಗಿಸಿದ್ರು. ಹಿಂದ ಮುಂದಿನ ಐದೂ ಬಲ್ಬ್ ಬಿಚ್ಚಿಟ್ರು. ಲೈಟಿನ ಸ್ವಿಚ್ ಹಾಕಿದ್ರು. ಬಲ್ಬ್ ಉರಿಲಿಲ್ಲ. ಅಂದ್ರ ಈ ಗಳಿಗ್ಯಾಗ ವೈರು ಎಲ್ಲೂ ಗಾಡಿ ಮೈಗೆ ತಾಗಿಲ್ಲ. ತಾಗಿದ ಕೂಡ್ಲೆ ಬಲ್ಬ್ ಝಗ್ ಅಂತೈತಿ, ಮತ್ತ ಬಲ್ಬ್ ನಡಕ ಇರೂದರಿಂದ ಎರಡ ಆಂಪಿಯರ್ ಒಳಗನ ಕರೆಂಟ್ ಹರೀತೈತಿ, ವೈರಿಗೆ ಏನೂ ಆಗಂಗಿಲ್ಲ. ಎಂಥಾ ಸೊಗಸಾದ ಯುಕ್ತಿ ನೋಡ್ರಿ. ಹತ್ತಿಪ್ಪತ್ತ ಫ್ಯೂಸ್ ಸುಡೂದರ ಬದ್ಲಿ ಒಂದ ಹಳೇ ಬಲ್ಬು.

ಒಬ್ಬ ಹುಡುಗ ವೈರಿನ ಕಟ್ಟು ಗುಂಟ ಕೈ ಆಡಿಸಿಕೋತ ಹೋದ. ಕ್ಯಾಬಿನ್ ಕೆಳಗ ಏನಿಲ್ಲ. ನಡಕ ಏನಿಲ್ಲ. ಹಿರೇರು ಮಗಗ "ಹಿಂದ ಹತ್ತಿ ಜಿಗಿ" ಅಂದ್ರು. ಅವ ಜಿಗದ. ಬಲ್ಬ್ ಮಿಣಕ್ ಅಂತು. ಮತ್ತ ಜಿಗದ, ಮತ್ತ ಮಿಣಕ್. ಹುಡುಗ ಗಾಡಿ ಕೆಳಗ ತೂರಿ ಸ್ಟೆಪ್ನಿ ಗಾಲಿ ಮ್ಯಾಲಕ್ಕೆತ್ತಿದ ನೋಡ್ರಿ, ಬಲ್ಬ್ ಹತ್ತಿ ನಿಂತಬಿಡ್ತು. ಸ್ಟೆಪ್ನಿ ಬಿಗಿ ಮಾಡೂ ಚೈನ್ ಸಡ್ಲಾಗಿತ್ತು. ಅದರ ಮ್ಯಾಲೆ ವೈರ್ ಹಿಡದಿದ್ದ ಕ್ಲಿಪ್ ಎಂದೋ ಮುರದು ಬಿದ್ದು, ವೈರಿನ ಕಟ್ಟು ಜೋತಾಡಾಕ ಹತ್ತಿತ್ತು. ಖಾಲಿ ಗಾಡಿ ಪುಟದಾಗೊಮ್ಮೆ ಗಾಲಿ ಮ್ಯಾಲೆದ್ದು ವೈರನ್ನ ಕಬ್ಬಣದ ಪಟ್ಟಿಗೆ ಒತ್ತತಿತ್ತು. ಒತ್ತಿ ಒತ್ತಿ ಒಂದ ವೈರಿನ ಸಿಪ್ಪಿ ಸವದು ತಾಮ್ರ ಕಾಣ್ತಿತ್ತು, ಜ್ವಾಳದ ಕಾಳಿನಷ್ಟು ಜಾಗ. ಅಷ್ಟಕ್ಕ ಇಷ್ಟ ದಿನದ ಕಾಟ.

ಬ್ಯಾಟರಿ ಮೈನಸ್ ತುದಿ ಬಿಚ್ಚಿ, ಸವದದ್ದನ್ನ ಕತ್ತರಿಸಿ, ಬೆಸುಗಿ ಹಾಕಿ, ಮ್ಯಾಲೆ ಶಾಖಕ್ಕ ಬಿಗಿ ಆಗೂ ಕೊಳವಿ ತೊಡಿಸಿ, ಟೇಪ್ ಸುತ್ತಿ, ಇಡೀ ಕಟ್ಟನ್ನ ಒಂದ ಪೈಪಿನ್ಯಾಗ ಸೇರಿಸಿ ಹೊಸಾ ಕ್ಲಿಪ್ ಬಡದ್ರು. ಸ್ಟೆಪ್ನಿ ಬಿಗಿ ಮಾಡಿದ್ರು. ಮತ್ತ ಅದ ಕೆಂಪ, ಅದ ಹತ್ತರ ಫ್ಯೂಸ್ ಹಾಕಿದ್ರು. ಆರನೂರ ರೂಪಾಯಿ ತೊಗೊಂಡ್ರು. ಸೀಸನ್ ಮುಗಿಯೂತನಾ ಆ ಫ್ಯೂಸ್ ಹೋಗಲಿಲ್ಲ.

ಇಲ್ಲೆ ನಮ್ಮನಿಯವರು ಒಂದ ಮಾತಂದ್ರು, ಅದಕ್ಕೂ ಉತ್ತರ ಕೊಡಬೇಕು. "ಹತ್ತ ರೂಪಾಯಿ ಫ್ಯೂಸಿಗೆ ಆರನೂರ ಕೊಟ್ಟಿ." ಅಲ್ರಿ, ಫ್ಯೂಸಿಗಲ್ಲ, ಹುಡುಕಿದ್ದಕ್ಕ ಕೊಟ್ಟದ್ದು. ಇದರಾಗ ಮೆಕ್ಯಾನಿಕ್ ಮಂದಿಯಷ್ಟ ನಮ್ಮ ಗಿರಾಕಿ ಮಂದಿದೂ ತಪ್ಪ ಐತಿ ಅಂತ ನಾ ಹೇಳೂದು. ಸಾಮಾನ ಕೈಯಾಗ ಕೊಟ್ಟು ರೊಕ್ಕ ಕೇಳಿದ್ರ ಕೊಡ್ತೀವಿ. ಮೂರ ತಾಸು ಗಾಡಿ ಕೆಳಗ ಮಲಗಿ ರೋಗ ಹುಡುಕಿದವ ಮೂರನೂರು ಕೇಳಿದ್ರ "ಏನ್ ಹಾಕಿದಿ ಅಂತ ಇಷ್ಟ ಕೇಳ್ತಿ" ಅಂತ ಜಗಳಕ್ಕ ನಿಲ್ತೀವಿ. ಹುಡುಕೂ ಕೆಲಸಕ್ಕ ಕೂಲಿ ಇಲ್ಲಂದಮ್ಯಾಲೆ ಬಡ ಮೆಕ್ಯಾನಿಕ್ ಯಾಕ ಹುಡುಕ್ಯಾನು? ಹಸರ ಫ್ಯೂಸ್ ತುರುಕಿ ಕಳಿಸ್ತಾನ. ಹಂಗಾಗಿ ಗಾಡಿ ಬಿಡೂಮುಂದನ ಹೇಳ್ರಿ: "ಫ್ಯೂಸ್ ಬದಲಿ ಬ್ಯಾಡ, ಯಾಕ ಹೋಗ್ತೈತಿ ಹುಡುಕಿ ಕೊಡು, ಅರ್ಧ ದಿನದ ಪಗಾರ ಕೊಡ್ತೀವಿ." ಹೇಳಿ ನೋಡ್ರಿ, ಅದ ಮೆಕ್ಯಾನಿಕ್ ಬ್ಯಾರೆ ಮನಶ್ಯಾ ಆಗ್ತಾನ.

ಇನ್ನೊಂದು ಮಾತು, "ಸದ್ಯಕ್ಕ ನಡೀಲಿ, ಮಾಲ್ ಮುಟ್ಟಿಸಿ ಬಂದಮ್ಯಾಲೆ ನೋಡೂನು." ಈ ಸದ್ಯಕ್ಕ ಅನ್ನೂದಕ್ಕ ಮುಕ್ತಾಯ ಇಲ್ರಿ. ಸದ್ಯಕ್ಕ ಅಂತ ಸುತ್ತಿದ ತಾಮ್ರದ ಎಳಿ ಮೂರ ವರ್ಷ ಅಲ್ಲೇ ಇರ್ತೈತಿ, ಗಾಡಿ ಮಾರಿದ್ರ ತೊಗೊಂಡವನ ಮನಿಗೂ ಹೋಗ್ತೈತಿ. ದಾರ್ಯಾಗ ಹೋತಂದ್ರ ಏನ್ ಮಾಡಬೇಕು ಅನ್ನೂದೂ ಕಷ್ಟದ್ದಲ್ಲ. ಡ್ಯಾಶ್‌ಬೋರ್ಡಿನ ಖಾನ್ಯಾಗ ಸರಿಯಾದ ನಂಬರಿನವು ನಾಕೈದು ಇಟ್ಟಿರ್ರಿ. ಚಾವಿ ಬಂದ ಮಾಡಿ ಒಂದ ಹಾಕ್ರಿ. ಅದೂ ಹೋತಂದ್ರ ಆ ಸ್ವಿಚ್ ಮತ್ತ ಹಾಕಬ್ಯಾಡ್ರಿ, ಗಾಡಿ ರಸ್ತೆ ಬಿಟ್ಟು ಬಾಜೂಕ ನಿಲ್ಲಸ್ರಿ. ಹಿಂದಿನ ಲೈಟ್ ಇಲ್ಲದ ಕತ್ತಲಾಗ ಹೈವೇ ಮ್ಯಾಲೆ ಹೋಗೂದಕ್ಕಿಂತ ಒಂದ ರಾತ್ರಿ ಧಾಬಾದಾಗ ಕುಂತ ಚಹಾ ಕುಡಿಯೂದು ಸಸ್ತಾ.

ಮನಿ ಒಳಗಿನ ಮಾತೂ ಇದ ಐತಿ. ಹಳೇ ಮನಿಗೋಳಾಗ ಇನ್ನೂ ಬಿಳೇ ಪಿಂಗಾಣಿ ಫ್ಯೂಸ್ ಅದಾವು. ಹಬ್ಬದಾಗ ಮಿಕ್ಸರ್, ಗೀಜರ್, ಇಸ್ತ್ರಿ ಎಲ್ಲಾ ಒಮ್ಮಿಗೇ ಹಚ್ಚಿದಾಗ ಹೋಗ್ತೈತಿ. ಆಗ ಯಾರೋ ಒಬ್ಬ ಬಂದು, ಫ್ಯೂಸ್ ತಂತಿ ಇಲ್ಲಂತ ಹಳೇ ವೈರಿನ ತಾಮ್ರದ ಎಳಿ ಮೂರ ನಾಕ ಹೊಸದು ಕಟ್ಟಿ, "ಇನ್ನ ಹೋಗಂಗಿಲ್ಲ" ಅಂತ ಕೈ ಝಾಡಿಸ್ತಾನ. ಅವಗ ನಾವು ಚಹಾ ಮಾಡಿ ಕೊಡ್ತೀವಿ! ಗ್ವಾಡಿ ಒಳಗಿನ ವೈರು ಸುಡಾಕ ಹತ್ತಿದ್ರ ಕಾಣಂಗೂ ಇಲ್ಲ. ಎಂಸಿಬಿ ಇದ್ದವರೂ ಕೇಳ್ರಿ. ಅದು ಪದೇ ಪದೇ ಕೆಳಗ ಬಿದ್ರ ಕೋಲ ತೊಗೊಂಡು ಮ್ಯಾಲೆ ಎತ್ತಿ ಹಿಡೀಬ್ಯಾಡ್ರಿ. ಯಾವ ಸಾಮಾನ ಹಚ್ಚಿದಾಗ ಬೀಳ್ತೈತಿ, ಅದನ್ನ ಬರಕೊಳ್ರಿ.

ಕಡೀಗೆ ಈ "ಹೆಣ್ಮಕ್ಕಳಿಗೇನ ತಿಳೀತೈತಿ" ಅನ್ನೂ ಮಾತು. ಮನ್ಯಾಗ ಒಬ್ಬಾಕಿ "ಇಲ್ಲೆ ಏನೋ ಸರಿ ಇಲ್ಲ" ಅಂತ ಎರಡ ಸಲ ಅಂದ್ರ ಅಕಿ ಬಾಯಿಬಡಕಿ, ಮೂರನೇ ಸಲ ಅಂದ್ರ ಅಕಿಗೆ ತಲಿ ಸರಿ ಇಲ್ಲ. ಅಕಿ ಅಂದದ್ದು ಖರೇನೋ ಸುಳ್ಳೋ ಅಂತ ಹೋಗಿ ನೋಡಾವರು ಕಡಿಮಿ, ಅಕಿನ್ನ ಸುಮ್ಮನ ಕೂಡಸೂದ ಸರಳ. ಫ್ಯೂಸಿಗೂ ಹಂಗ ಮಾಡ್ಯಾರ. ಅದಕ್ಕ ಈ ವಿಷಯದಾಗ ನನಗ ಸಿಟ್ಟ ಜಾಸ್ತಿ ಅಂತ ನೆಗೆಣ್ಣಿ ಅಂತಾಳ. ಹೌದು, ಐತಿ. ಆದ್ರ ನಮ್ಮ ಸಿಟ್ಟಿನ ಕೂಡ ಒಂದ ಕ್ಯಾಲೆಂಡರ್ ಹಾಳಿ ಇದ್ರ ಮಂದಿ ಕೇಳ್ತಾರ. "ನನಗ್ಯಾಕೋ ಅನಸ್ತೈತಿ" ಅನ್ನಬ್ಯಾಡ್ರಿ. "ಒಂಬತ್ತರಾಗ ಎಂಟ ಸಲ ಖಾಲಿ ಗಾಡಿ" ಅನ್ರಿ.

ನಾಳೆ ಮುಂಜಾನೆ ಚಹಾ ಆದಮ್ಯಾಲೆ ಹೋಗಿ ನಿಮ್ಮ ಗಾಡಿ ಫ್ಯೂಸ್ ಡಬ್ಬಿ ತಗೀರಿ, ಚಾವಿ ಬಂದ ಇರಲಿ. ಮುಚ್ಚಳದ ಮ್ಯಾಲಿನ ನಂಬರು, ಒಳಗಿನ ಫ್ಯೂಸಿನ ನಂಬರು ಒಂದೊಂದ ತಾಳೆ ನೋಡ್ರಿ. ಮೂವತ್ತರ ಜಾಗಾದಾಗ ಮೂವತ್ತರದು ಇದ್ರ ಏನೂ ತಪ್ಪಿಲ್ಲ. ಹತ್ತರ ಜಾಗಾದಾಗ ಹಸರು ಕಂಡ್ರ, ತಾಮ್ರದ ಎಳಿ ಕಂಡ್ರ, ಬೆಳ್ಳಿ ಹಾಳಿ ಕಂಡ್ರ, ಯಾರ ಹಾಕಿದ್ರು, ಯಾಕ ಹಾಕಿದ್ರು ಅಂತ ಕೇಳ್ರಿ. ಗಾಡಿ ಚಾವಿ ಹೆಂಗೂ ನಮ್ಮ ಅಡಗಿಮನಿ ಗೂಟಕ್ಕನ ಜೋತಾಡತಿರ್ತೈತಿ. ಉತ್ತರ ಬರೂತನಾ ಅದನ್ನ ಕೊಡಬ್ಯಾಡ್ರಿ.